ಮಟನ್ ಹೋಟೆಲಿನ ಬುದ್ಧ

ಕಣ್ಣು ಬರೆಯುವುದೋ, ಬೇಡವೋ? ಬರೆದರೆ ಅವ್ವನಿಗೆ ಗುರುತು ಸಿಕ್ಕಿಬಿಡುತ್ತದೆ. ಏಣಿಯ ಮೇಲೆ ನಿಂತಿದ್ದ ಯತೀಶ್ ಕುಂಚವನ್ನು ಬಣ್ಣದಲ್ಲಿ ಅದ್ದಿ ಹಾಗೆಯೇ ಹಿಡಿದುಕೊಂಡ. ನಿಂಗೇಗೌಡರ ಮಟನ್ ಹೋಟೆಲಿನ ಗೋಡೆಯ ಮೇಲೆ ಬುದ್ಧ ಕೂತಿದ್ದ. ಅವನ ಹಣೆ, ತುಟಿ, ಗಲ್ಲ ಎಲ್ಲವೂ ಮನೆ ಬಿಟ್ಟು ಹೋದ ಅಪ್ಪ ಕರಿಯಪ್ಪನದಾಗಿದ್ದವು. ಎರಡು ಸಲ ಸೀಮೆಎಣ್ಣೆ ಹಾಕಿ ಒರೆಸಿದ್ದ. ಎರಡು ಸಲವೂ ಅದೇ ಮುಖ, ನೀರಿನಡಿಯಿಂದ ಏಳುವಂತೆ, ಎದ್ದು ಬಂದಿತ್ತು.

ಗುರುಪುರದ ರಸ್ತೆಯಲ್ಲಿ ಮಂಜು ಇನ್ನೂ ಕರಗಿರಲಿಲ್ಲ. ಟಿಬೆಟನ್ ಕ್ಯಾಂಪಿನ ಕಡೆಗೆ ಹೋಗುವ ಕಾರುಗಳು ದೀಪ ಹಚ್ಚಿಕೊಂಡು ಸದ್ದಿಲ್ಲದೆ ತೇಲಿಹೋಗುತ್ತಿದ್ದವು.

“ಆಯ್ತೇನ್ಲಾ ಯತೀಶಾ?” ನಿಂಗೇಗೌಡರು ಕೆಳಗಿನಿಂದ ಕೂಗಿದರು. “ಕ್ಯಾಂಪಿಗೋಗೋ ಟೂರಿಸ್ಟ್‌ಗಳೆಲ್ಲಾ ಬುದ್ಧನ್ನ ನೋಡಿ ಇಲ್ಲೇ ಬ್ರೇಕ್ ಆಕಬೇಕು ಕಣ್ಲಾ!”

“ಮಟನ್ ಓಟ್ಲಿಗೆ ಬುದ್ಧ ಯಾಕೆ ಗೌಡ್ರೇ? ಅಳಿಸ್ಬುಟ್ಟು ಬ್ಯಾರೆ ಏನಾರ ಬರೀತೀನಿ.”

“ಟಗರು ಬರ್ದ್ರೆ ಯಾವನ್ಲಾ ನಿಲ್ಲಿಸ್ತಾನೆ? ಬುದ್ಧನ್ನೇ ಬರಿ. ತಿಂದೋರ್ಗೆ ಪಾಪ ಅನ್ನಿಸ್ಬಾರ್ದು, ಅಂಗೆ ನಗಿಸು. ಇವತ್ತೇ ಪೂಜೆ ಮಡಿಕಂಡಿವ್ನಿ.”

ಅರ್ಧ ಮುಚ್ಚಿದ ಎರಡು ಕಣ್ಣು. ಬರೆದು ಇಳಿಯುವಷ್ಟರಲ್ಲಿ ಒಳಗಿನಿಂದ ಅವ್ವ ಸುನಂದಮ್ಮ ಬಂದಳು. ಆ ಹೋಟೆಲಿನಲ್ಲಿ ಮುದ್ದೆ ತೊಳಸುವುದು ಅವಳ ಕೆಲಸ. ಕೈಗೆ ಇನ್ನೂ ರಾಗಿಹಿಟ್ಟು ಮೆತ್ತಿತ್ತು. ತಲೆಯೆತ್ತಿದವಳು ತುಂಬ ಹೊತ್ತು ನೋಡಿದಳು. ಆಮೇಲೆ, ಯಾರೋ ಎದುರಿಗೇ ಬಂದು ನಿಂತಂತೆ, ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು.

“ನಿಮ್ಮಪ್ಪ ಮನೆ ಬುಟ್ಟೋದಾಗ ನಿಂಗೆ ಎರಡು ವರ್ಸ. ಮನೇಲಿ ಒಂದು ಫೋಟೋನೂ ಇಲ್ಲ. ಎಂಗೆ ಬರ್ದೆ ಮಗಾ?”

“ಕನ್ನಡಿ ನೋಡ್ಕಂಡು ಬರ್ದೆ ಕಣವ್ವ. ನಂದೇ ಮುಖ.”

“ಬುಡು ಬುಡು. ಇದು ವಯಸ್ಸಾಗಿರೋ ಮುಖ.” ಅವಳ ದನಿ ಇಳಿಯಿತು. “ಕೆನ್ನೆ ತುಂಬ್ಕಂಡದೆ. ಒತ್ತೊತ್ಗೆ ಉಣ್ಣೋರ ಅಂಗೆ.”

ಯತೀಶ್ ಕುಂಚ ತೊಳೆಯುತ್ತ ಕೂತ. ಸೀಮೆಎಣ್ಣೆಯಲ್ಲಿ ಕಾವಿ ಬಣ್ಣ ಹೊಗೆಯಂತೆ ಬಿಚ್ಚಿಕೊಂಡಿತು. ಮುದ್ದೆ ತಳ ಹಿಡಿದ ವಾಸನೆ ಬಂದಾಗ ಅವಳು ಒಳಗೆ ಹೋದಳು.

ಹೋದ ತಿಂಗಳು ಪಿರಿಯಾಪಟ್ಟಣದಲ್ಲಿ, ತಂಬಾಕು ಹರಾಜು ನಡೆಯುವ ಕಡೆ, ಯಾರೋ “ಕರಿಯಪ್ಪಾ” ಎಂದು ಕೂಗಿದಾಗ ತನ್ನದೇ ಮುಖದ ಒಬ್ಬ ವಯಸ್ಸಾದವನು ತಿರುಗಿ ನೋಡಿದ್ದನ್ನು, ಅವನ ಹೆಗಲ ಮೇಲೆ ಒಂದು ಹೆಣ್ಣುಮಗು ನಿದ್ದೆಹೋಗಿದ್ದನ್ನು, ಯತೀಶ್ ಅವ್ವನಿಗೆ ಎಂದೂ ಹೇಳಲಿಲ್ಲ.