ಎಂಟು ಎಸಳಿನ ಕಡಗೋಲು

ಕಾಶವ್ವನ ಓಣಿಯಲ್ಲಿ ನೆರಳು ಇರಲಿಲ್ಲ. ನಾಡಿನಲ್ಲಿ ಮರಗಳೆಲ್ಲ ಸತ್ತು ಅರವತ್ತು ವರ್ಷವಾಗಿತ್ತು. ಹಳೆಯ ಕಟ್ಟಿಗೆ ಸಾಮಾನಿನಲ್ಲಿ ಬದುಕಿರುವ ಒಂದೇ ಒಂದು ಜೀವಕಣ ಸಿಕ್ಕರೂ ಅದರಿಂದ ಸಸಿ ಎಬ್ಬಿಸಿ, ಸಾಮಾನು ಸಿಕ್ಕ ಓಣಿಯಲ್ಲೇ ನೆಡುತ್ತಿದ್ದರು. ಅದಕ್ಕೇ ಮರ ಇಲಾಖೆಯ ಮೆಹಬೂಬ ಬಂದಿದ್ದ.

ಕಾಶವ್ವ ಮೊಸರು ಕಡೆಯುವ ಕಡಗೋಲನ್ನು ತಂದು ಅವನ ಮುಂದಿಟ್ಟಳು.

“ಇದನ್ನ ಯಾರ ಮಾಡ್ಯಾರಬೇ ಅಜ್ಜಿ?”

“ನಮ್ಮ ಮಾವನ ಅಪ್ಪ. ಮತ್ತಿ ಮರದ ಒಂದ ತುಂಡು, ಎಲ್ಲೂ ಜೋಡಣಿ ಇಲ್ಲ. ಬುಡಕ್ಕ ಈ ಎಂಟ ಎಸಳ ಕೆತ್ತಾಕ ಹದಿನೈದ ದಿನ ಕುಂತಿದ್ನಂತ. ಮೊದಲ ಮಾಡಿದ್ದು ಸೀಳಿತಂತ. ಹೆಂಡ್ತಿ ಅದನ್ನ ಒಲಿಗೆ ಹಾಕಿ ಚಾ ಕಾಸಿದ್ಲಂತ.”

ಮೆಹಬೂಬ ನಗುತ್ತಲೇ ಕಡಗೋಲಿಗೆ ತನ್ನ ಕೈಯಂತ್ರದ ಸೂಜಿ ಚುಚ್ಚಿ ಅದರ ಪರದೆ ನೋಡಿದ. ಅವನ ನಗು ನಿಂತಿತು.

“ಬೆಣ್ಣಿ ಕುಡಿದ ಕಟ್ಟಿಗಿಯೊಳಗ ಜೀವ ಉಳದಿರತೈತಿ ಅಂತ ಬಂದೆ. ಜಿಡ್ಡ ಎಲ್ಲಿ ಹೋತು?”

“ನೀ ಬರ್ತಿ ಅಂತ ನಿನ್ನೆ ಕುದಿಯೋ ನೀರಾಗ ಹಾಕಿ ತಿಕ್ಕೀನಿ. ಮಂದಿ ಕೈಗೆ ಹೊಲಸ ಸಾಮಾನ ಕೊಡ್ತಾರೇನೋ ತಮ್ಮಾ?”

ಅವನು ಯಂತ್ರವನ್ನು ಅವಳತ್ತ ತಿರುಗಿಸಿದ. ಕಡಗೋಲಿನಲ್ಲಿ ಹನ್ನೆರಡು ಜೀವಕಣಗಳಿದ್ದವು. ಹನ್ನೆರಡೂ ನಿನ್ನೆ ಸತ್ತಿದ್ದವು.