ಚಿಕ್ಕಮ್ಮ ಮಾಡಿದ ರಸಾಯನ

ಬಾಳೆಹಣ್ಣಿನ ಜೊತೆ ಏಲಕ್ಕಿ ಪುಡಿಯ ವಾಸನೆ ಬಂದರೆ ಈಗಲೂ ನನಗೆ ಉಳವಿಯ ಅಜ್ಜಿಮನೆಯ ಆ ಬೇಸಿಗೆಯ ಮಧ್ಯಾಹ್ನ ನೆನಪಾಗುತ್ತದೆ.

ಚಿಕ್ಕಮ್ಮನನ್ನು ನೋಡಲು ಶಿಕಾರಿಪುರದಿಂದ ಗಂಡಿನ ಕಡೆಯವರು ಬರುವವರಿದ್ದರು. ನೆಂಟರೆಲ್ಲ ಸೇರಿದ್ದರು. ಚಿಕ್ಕಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಬಾಳೆಹಣ್ಣು, ಮಾವಿನಹಣ್ಣು ಹೆಚ್ಚಿ ಪಾತ್ರೆಗೆ ಹಾಕುತ್ತಿದ್ದಳು. ನಾನು ಬೆಲ್ಲ ಪುಡಿ ಮಾಡಿ ಕೊಡುತ್ತಿದ್ದೆ. ಅವಳ ಕಣ್ಣು ಕೆಂಪಾಗಿತ್ತು. ನನಗೆ ತಗುಲಿದ ಅವಳ ಮೊಣಕೈ ಕಾದ ಹೆಂಚಿನಂತಿತ್ತು.

“ಅಮ್ಮಾ, ತಲೆ ಸಿಡೀತಿದೆ,” ಎಂದಳು ಅಜ್ಜಿಗೆ.

ಹಿಂದಿನ ವಾರ ಅವಳು ಒಣ ಎಲೆ ಗುಡಿಸಿ ತರಲು ಕಾಡಿಗೆ ಹೋಗಿದ್ದಳು. ಅಲ್ಲಿ ಮಂಗಗಳು ಸತ್ತು ಬಿದ್ದಿವೆ ಎಂದು ಬಂದು ಹೇಳಿದ್ದಳು. ಮನೆಯಲ್ಲಿ ಯಾರೂ ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ.

ಅಜ್ಜಿ ಅವಳ ಹಣೆ ಮುಟ್ಟಿದಳು. ಆಮೇಲೆ ಬಾಗಿಲ ಕಡೆ ನೋಡಿದಳು. “ಇವತ್ತೊಂದಿನ ತಡ್ಕ ಮಾರಾಯ್ತಿ. ಬಂದೋರು ಹೋದ್ಮೇಲೆ ಮಲಗು.”

ಚಿಕ್ಕಮ್ಮ ತೆಂಗಿನಹಾಲು ಹಿಂಡಿ ರಸಾಯನ ಕಲಸಿ, ಸೆರಗು ಸರಿಮಾಡಿಕೊಂಡು, ಬಂದವರಿಗೆಲ್ಲ ತಾನೇ ಬಡಿಸಿದಳು. ಗಂಡಿನ ತಾಯಿ ಇನ್ನೊಮ್ಮೆ ಹಾಕಿಸಿಕೊಂಡರು. ಒಳಗೆ ಬಂದವಳೇ ಚಿಕ್ಕಮ್ಮ ಚಾಪೆಯ ಮೇಲೆ ಕುಸಿದಳು. ಮೂಗಿನಿಂದ ರಕ್ತ ಬಂತು.

“ಹುಡುಗಿ ನಮಗ ಒಪ್ಪಿಗಿ ಐತ್ರೀ,” ಎಂದು ಆ ತಾಯಿ ಜಗಲಿಯಲ್ಲಿ ಹೇಳುತ್ತಿದ್ದರು.

ಅಜ್ಜಿ ಬಗ್ಗಿ ಮಗಳ ಕಿವಿಯಲ್ಲಿ, “ಒಪ್ಪಿದ್ರಂತೆ ಕಣೇ,” ಎಂದಳು. ಚಿಕ್ಕಮ್ಮ ಕಣ್ಣು ತೆರೆಯಲಿಲ್ಲ. ಜೀಪಿನಲ್ಲಿ ಆಸ್ಪತ್ರೆಗೆ ಒಯ್ದರು. ಮಂಗನ ಕಾಯಿಲೆ ಎಂದರು ಡಾಕ್ಟರು.

ಅವಳು ತಿರುಗಿ ಬಂದದ್ದು ಹೆಣವಾಗಿ. ಎಲ್ಲರೂ ಅಳುತ್ತಿದ್ದಾಗ ಅಜ್ಜಿ ನನ್ನ ಕೈ ಹಿಡಿದು ಕೇಳಿದಳು: “ನೀ ಅಲ್ಲೇ ಇದ್ಯಲ್ಲ. ಒಪ್ಪಿದ್ರು ಅಂತ ನಾ ಹೇಳಿದ್ದು ಅವಳಿಗೆ ಕೇಳಿಸ್ತಾ?”

ನಾನು “ಹೂಂ” ಎಂದೆ.