ಹಸಿರು ವಾರ

"ಇದು ಫ್ಲೂ ಅಲ್ಲಮ್ಮ" ಎಂದರು ಮ್ಯಾನೇಜರು, ಆಯಾಳ ಮುಖ ನೋಡದೆ ಕಂಪ್ಯೂಟರನ್ನೇ ನೋಡುತ್ತ. "ನೋಡಿಲ್ಲಿ, ಈ ವಾರ ಹಸಿರು. ಮುಂದಿನ ವಾರಾನೂ ಹಸಿರು. ಫ್ಲೂ ಬರೋದೇನಿದ್ರೂ ಆಮೇಲೆ."

"ಮೈ ಸುಡ್ತಾ ಇದೆ ಸಾರ್. ಜ್ವರ ಏನು ಕ್ಯಾಲೆಂಡರ್ ನೋಡ್ಕೊಂಡು ಬರುತ್ತಾ?"

"ಬಾಯಿಗೆ ಬಂದದ್ದು ಹೇಳೋ ಯಂತ್ರ ಅಲ್ಲ ಇದು. ಹತ್ತು ವರ್ಷದ ಆಸ್ಪತ್ರೆ ಲೆಕ್ಕ, ಚಳಿ, ಗಾಳಿ ಎಲ್ಲಾ ಅರೆದು ಕುಡಿದು, ಫ್ಲೂ ಯಾವ ವಾರ ಬರುತ್ತೆ ಅಂತ ಹೇಳೋದನ್ನ ತಾನೇ ಕಲಿತಿದೆ. ಹೋದ ವರ್ಷ ಅದು ಹೇಳಿದ ಹಾಗೇ ಆಯ್ತು. ಕೆಂಪು ವಾರದಲ್ಲಿ ಮಾತ್ರ ರಜೆ, ಬದಲಿ ಆಯಾ. ಅದು ಮೇಲಿನವರ ಆರ್ಡರ್. ಒಂದು ಮಾತ್ರೆ ನುಂಗಿ ಕೆಲಸ ನೋಡು. ಆಗಲ್ವಾ, ಮನೆಗೆ ಹೋಗು. ಮತ್ತೆ ಬರೋ ತೊಂದ್ರೆ ತಗೋಬೇಡ."

ಮನೆಯಲ್ಲಿ ಕೂತು ಉಣ್ಣುವ ಭಾಗ್ಯವಿದ್ದಿದ್ದರೆ ಅವಳು ಈ ವೃದ್ಧಾಶ್ರಮಕ್ಕೆ ಬಂದು ಕಂಡವರ ಅಜ್ಜಿಯರ ಬಾಯಿ ಒರೆಸುತ್ತ ಯಾಕಿರುತ್ತಿದ್ದಳು? ಮಾತ್ರೆ ನುಂಗಿದಳು. ಮೂಗು ಬಾಯಿಗೆ ಬಟ್ಟೆ ಬಿಗಿದುಕೊಂಡು, ಕಂಪ್ಯೂಟರಿಗೂ ಅದರ ಮುಂದೆ ಕೂತವರಿಗೂ ಮನಸ್ಸಿನಲ್ಲೇ ಸಹಸ್ರನಾಮಾರ್ಚನೆ ಮಾಡುತ್ತ ಒಳಗೆ ಹೋದಳು. ಹಣ್ಣು ಹಣ್ಣು ಜೀವಗಳು. ತಾನೊಂದು ಸಲ ಸೀನಿದರೆ ಉದುರಿಹೋದಾವು ಎಂಬ ಹೆದರಿಕೆ ಅವಳಿಗೆ. ಒಬ್ಬೊಬ್ಬರಿಗೂ ಮುಖ ಆಚೆ ಮಾಡಿಕೊಂಡೇ ಗಂಜಿ ಕುಡಿಸಿದಳು.

ಕಿಟಕಿ ಪಕ್ಕದ ಮಂಚದಲ್ಲಿ ಮಾತ್ರ ಅದು ನಡೆಯಲಿಲ್ಲ. ಅಲ್ಲಿದ್ದವಳು ಕಿವುಡಜ್ಜಿ. ಎದುರಿಗಿದ್ದವರ ತುಟಿ ನೋಡಿಯೇ ಮಾತು ತಿಳಿಯುವವಳು, ಮಹಾ ಹಟಮಾರಿ. ಈ ಆಯಾ ಉಣಿಸಿದರಷ್ಟೇ ಬಾಯಿ ತೆರೆಯುವಳು.

"ಅದೇನೇ, ಕಳ್ಳಿ ಹಾಗೆ ಮುಖ ಮುಚ್ಕೊಂಡು ಬಂದಿದೀಯ? ತೆಗಿ ಅದನ್ನ."

ಆಯಾ ತನ್ನ ಹಣೆ ಮುಟ್ಟಿ ತೋರಿಸಿದಳು, ಕೆಮ್ಮಿ ತೋರಿಸಿದಳು, ಕೈ ಮುಗಿದಳು. ಕಲ್ಲಿನ ಮೇಲೆ ಮಳೆ ಸುರಿದಂತಾಯಿತು. ಅಜ್ಜಿ ಗೋಡೆಯ ಕಡೆ ತಿರುಗಿಕೊಂಡಳು. ಮಧ್ಯಾಹ್ನ ಹಾಗೇ ಕಳೆಯಿತು, ಸಂಜೆಯೂ ಹೊಟ್ಟೆಗೆ ಹನಿ ನೀರು ಹೋಗಲಿಲ್ಲ. ಕೊನೆಗೆ ಗೋಡೆಗೇ ಹೇಳುವಂತೆ, "ಇವಳೊಬ್ಬಳು ಮಾತಾಡ್ತಿದ್ಲು. ಇವಳೂ ಬಿಟ್ಲು" ಎಂದಳು.

ಆಯಾ ಬಟ್ಟೆ ಕೆಳಗಿಳಿಸಿ, ಅಜ್ಜಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿ, "ಬಿಟ್ಟಿಲ್ಲ ಕಣಜ್ಜಿ, ಉಣ್ಣು" ಎಂದಳು. ಅಜ್ಜಿ ಅವಳ ತುಟಿಯನ್ನೇ ನೋಡುತ್ತ ಬಟ್ಟಲು ಖಾಲಿ ಮಾಡಿದಳು.

ವಾರ ತುಂಬುವುದರೊಳಗೆ ಕಿವುಡಜ್ಜಿ ಆಸ್ಪತ್ರೆ ಸೇರಿದಳು. ಅವಳ ಹಿಂದೆಯೇ ಅಕ್ಕಪಕ್ಕದ ಮಂಚದವರಿಬ್ಬರು. ಮೂವರಲ್ಲಿ ಒಬ್ಬರೂ ವಾಪಸು ಬರಲಿಲ್ಲ. ಅಯ್ಯೋ, ಕೈಯಾರೆ ಉಣಿಸಿ ಕೈಯಾರೆ ಕೊಂದೆನಲ್ಲ ಎಂದು ಆಯಾ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತಳು. ಅವಳ ಜ್ವರ ಅಷ್ಟರಲ್ಲಿ ಇಳಿದಿತ್ತು.

ಮಾರನೆಯ ದಿನ ಅವಳು ಕಿಟಕಿ ಪಕ್ಕದ ಮಂಚಕ್ಕೆ ಫಿನಾಯಿಲ್ ಹಾಕಿ ಒರೆಸುತ್ತಿದ್ದಾಗ ಮ್ಯಾನೇಜರು ಲಗುಬಗೆಯಿಂದ ಬಂದರು.

"ಕೆಂಪಾಯ್ತು ನೋಡು! ನಮ್ಮಲ್ಲಿಂದ ಹೋದ ಮೂರೂ ಕೇಸು ಆಸ್ಪತ್ರೆ ಲೆಕ್ಕಕ್ಕೆ ಸೇರಿದ್ದೇ ತಡ, ತಪ್ಪು ತಿದ್ಕೊಂಡುಬಿಡ್ತು. ಏನು ಚುರುಕು ಅಂತೀಯ! ನಾಳೆಯಿಂದ ಬದಲಿ ಆಯಾ ಬರ್ತಾಳೆ. ಈಗ ನೀನು ಧಾರಾಳವಾಗಿ ರಜೆ ತಗೋ."

ಆಯಾ ಒರೆಸುವುದನ್ನು ನಿಲ್ಲಿಸಲಿಲ್ಲ. "ಅದಕ್ಕೆ ತಿಳಿಯೋಕೆ ಅಜ್ಜಿ ಒಬ್ಬರೇ ಸಾಲ್ತಿರಲಿಲ್ವಾ ಸಾರ್?"

ಓದುಬರಹ ಇಲ್ಲದವಳಿಗೂ ಯಂತ್ರದ ಮೇಲೆ ಆಸಕ್ತಿ ಹುಟ್ಟಿತಲ್ಲ ಎಂದು ಮ್ಯಾನೇಜರಿಗೆ ಖುಷಿಯಾಯಿತು.

"ಒಬ್ಬರಿಗೆಲ್ಲ ಅದು ತಲೆ ಕೆಡಿಸ್ಕೊಳ್ಳಲ್ಲಮ್ಮ" ಎಂದರು.